ಇಳುವರಿ ಏರಿದರೆ ಯಾರಿಗೆ ಒಳ್ಳೆಯದು? ಠೇವಣಿ, ಸರ್ಕಾರಿ ಬಾಂಡ್, ಡೆಟ್ ಫಂಡ್: ಒಂದು ಹೋಲಿಕೆ

2025ರ ಆಗಸ್ಟ್ ಕೊನೆಯಲ್ಲಿ ಪತ್ರಿಕೆಯ ವಾಣಿಜ್ಯ ಪುಟದಲ್ಲಿ ‘ಬಾಂಡ್ ಇಳುವರಿ ಏರಿಕೆ’ ಎಂಬ ಸಾಲು ನೋಡಿ ನಮ್ಮ ಕೇರಿಯ ತೋಟಿಗರೊಬ್ಬರು ಖುಷಿಯಿಂದಲೇ ಬಂದರು. ಮೇ ತಿಂಗಳಲ್ಲಿ ಅವರು ಆರ್‌ಬಿಐನ ರಿಟೇಲ್ ಡೈರೆಕ್ಟ್ ಖಾತೆಯಿಂದ (ಸಾಮಾನ್ಯರು ಸರ್ಕಾರಿ ಬಾಂಡನ್ನು ನೇರವಾಗಿ ಕೊಳ್ಳುವ ಖಾತೆ) ಕೇಂದ್ರ ಸರ್ಕಾರದ 6.33% ಬಾಂಡ್, ಅಂದರೆ ಸಾಲಪತ್ರ, ಕೊಂಡಿದ್ದರು, 2035ಕ್ಕೆ ಮುಗಿಯುವಂಥದ್ದು. ‘ಇಳುವರಿ ಏರಿದೆಯಂತೆ, ನನಗೂ ಹೆಚ್ಚು ಬರುತ್ತದಲ್ಲ?’ ಎಂದು ಕೇಳಿದರು. ಶಿರಸಿಯಲ್ಲಿ ಇಳುವರಿ ಎಂದರೆ ಎಕರೆಗೆ ಎಷ್ಟು ಕ್ವಿಂಟಲ್ ಅಡಿಕೆ ಎಂದು ಅರ್ಥ. ಅದು ಏರಿದರೆ ಯಾರಿಗಾದರೂ ಸಂತೋಷವೇ. ಬಾಂಡಿನಲ್ಲಿ ಹಾಗಲ್ಲ. ಇಳುವರಿ ಏರಿತೆಂದರೆ ಅವರ ಕೈಯಲ್ಲಿರುವ ಹಳೆಯ ಬಾಂಡಿನ ಬೆಲೆ ಇಳಿಯಿತು ಎಂದೇ ಲೆಕ್ಕ. ನೂರು ರೂಪಾಯಿಗೆ ಕೊಂಡದ್ದು ಆ ಹೊತ್ತಿಗೆ 98 ರೂಪಾಯಿ ಚಿಲ್ಲರೆಯ ಆಸುಪಾಸಿನಲ್ಲಿತ್ತು.

ಅಂದು ಅಷ್ಟು ಹೇಳಿ ಕಳಿಸಿದೆ. ಆಮೇಲೆ ಕೂತು ಲೆಕ್ಕ ಹಾಕಿದಾಗ ಅವರ ಖುಷಿಯಲ್ಲೂ ಅರ್ಧ ಸತ್ಯ ಇದೆ ಅನ್ನಿಸಿತು. ಆ ಅರ್ಧ ಸತ್ಯ ಯಾವುದು, ಅದು ಯಾರಿಗೆ ಅನ್ವಯಿಸುತ್ತದೆ ಎಂಬುದು ತಿಳಿದರೆ ಠೇವಣಿ, ಬಾಂಡ್, ಬಾಂಡುಗಳಲ್ಲೇ ಹಣ ತೊಡಗಿಸುವ ಡೆಟ್ ಫಂಡ್ ಇವುಗಳ ನಡುವೆ ಆಯ್ಕೆ ಮಾಡುವ ಕೆಲಸ ಬಹುಪಾಲು ಮುಗಿದಂತೆ.

ನಾನು ಊರವರ ತೆರಿಗೆ ಲೆಕ್ಕ ಬರೆದುಕೊಡುವವನು. ಚಾಲಿ (ಒಣಗಿಸಿ ಸುಲಿದ ಅಡಿಕೆ) ಮಾರಿದ ದುಡ್ಡು, ಕಾರವಾರದಲ್ಲಿ ನಿವೃತ್ತರಾದವರ ಗ್ರಾಚ್ಯುಟಿ, ಕುಮಟಾ ಕಡೆಯ ಬೋಟಿನವರ ಉಳಿತಾಯ, ಎಲ್ಲದರ ಬಡ್ಡಿ ಕಾಗದಗಳೂ ನನ್ನ ಮೇಜಿಗೆ ಬರುತ್ತವೆ. ಎಲ್ಲರೂ ಕೇಳುವ ಪ್ರಶ್ನೆ ಒಂದೇ: ‘ಎಷ್ಟು ಪರ್ಸೆಂಟು?’ ನಾನು ಮೊದಲು ಕೇಳುವುದು ಬೇರೆ: ‘ಈ ಹಣ ನಿಮಗೆ ಯಾವಾಗ ಬೇಕು?’

ನೂರು ರೂಪಾಯಿಯ ಕಾಗದ

ಒಂದು ವರ್ಷಕ್ಕೆ 7% ಬಡ್ಡಿಯ, ನೂರು ರೂಪಾಯಿ ಮುಖಬೆಲೆಯ ಒಂದು ಕಾಗದ ನಿಮ್ಮಲ್ಲಿದೆ ಎನ್ನಿ. ವರ್ಷದ ಕೊನೆಗೆ ಅದು 107 ರೂಪಾಯಿ ಕೊಡುತ್ತದೆ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ನಾಳೆ ಸರ್ಕಾರ ಅಂಥದ್ದೇ ಕಾಗದವನ್ನು 8% ಬಡ್ಡಿಗೆ ಬಿಟ್ಟರೆ, ನಿಮ್ಮದನ್ನು ನೂರಕ್ಕೆ ಯಾರು ಕೊಳ್ಳುತ್ತಾರೆ? ಕೊಳ್ಳುವವನಿಗೂ 8% ಸಿಗಬೇಕಾದರೆ ಅವನು 99 ರೂಪಾಯಿ 7 ಪೈಸೆಗಿಂತ ಹೆಚ್ಚು ಕೊಡಲಾರ. ಹೊಸ ಬಡ್ಡಿ 6%ಕ್ಕೆ ಇಳಿದರೆ ಅದೇ ಕಾಗದಕ್ಕೆ 100 ರೂಪಾಯಿ 94 ಪೈಸೆ ಬರುತ್ತದೆ. ಮುಂದೆ ಬರುವ ಹಣ ಬರೆದಿಟ್ಟದ್ದು, ಬದಲಾಗುವುದು ಇಂದಿನ ಬೆಲೆ ಮಾತ್ರ. ಬೆಲೆ ಇಳಿದರೆ ಇಳುವರಿ ಏರುತ್ತದೆ, ಬೆಲೆ ಏರಿದರೆ ಇಳುವರಿ ಇಳಿಯುತ್ತದೆ. ಒಂದು ಇನ್ನೊಂದಕ್ಕೆ ಕಾರಣವಲ್ಲ. ಇವು ಒಂದೇ ಮಾತಿನ ಎರಡು ರೂಪ.

ಅಟ್ಟದ ಮೇಲೆ ಚಾಲಿ ಇಟ್ಟುಕೊಂಡವರಿಗೆ ಇದು ಹೊಸತಲ್ಲ. ಮೂಟೆ ಅಲುಗಾಡಿರುವುದಿಲ್ಲ, ತೂಕವೂ ಅಷ್ಟೇ ಇರುತ್ತದೆ. ಆದರೂ ಮಾರುಕಟ್ಟೆಯ ದರ ನೋಡಿದಾಗಲೆಲ್ಲ ಅದರ ಬೆಲೆ ಬೇರೆ. ಮಾರುವವರೆಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ ಎಂದುಕೊಳ್ಳುವವರಿದ್ದಾರೆ. ಮಾರಲೇಬೇಕಾದ ದಿನ ಬಂದಾಗ ಅವರಿಗೆ ನಿಜ ಗೊತ್ತಾಗುತ್ತದೆ.

ಇಲ್ಲೊಂದು ಎಚ್ಚರಿಕೆ. ಬಾಂಡಿನ ಮೇಲೆ ಬರೆದಿರುವ ಬಡ್ಡಿ, ಅಂದರೆ ಕೂಪನ್, ನಿಮಗೆ ಸಿಗುವ ಇಳುವರಿ ಅಲ್ಲ. ‘8% ಸರ್ಕಾರಿ ಬಾಂಡ್ ಇದೆ’ ಎಂದು ಯಾರಾದರೂ ಹೇಳಿದರೆ ಅದರ ಬೆಲೆ ಕೇಳಿ. ಹತ್ತು ವರ್ಷ ಉಳಿದಿರುವ 8% ಬಾಂಡಿಗೆ, ಮಾರುಕಟ್ಟೆಯ ಇಳುವರಿ 6.5% ಇರುವಾಗ, 110 ರೂಪಾಯಿ 90 ಪೈಸೆ ಕೊಡಬೇಕಾಗುತ್ತದೆ. ಕೊನೆಗೆ ವಾಪಸು ಬರುವುದು ನೂರೇ. ವರ್ಷವರ್ಷ ಎಂಟು ರೂಪಾಯಿ ಎಣಿಸಿಕೊಂಡು ಖುಷಿಪಟ್ಟರೂ, ಆ ಹತ್ತು ರೂಪಾಯಿ 90 ಪೈಸೆ ಕಳೆದ ಮೇಲೆ ಉಳಿಯುವುದು ವರ್ಷಕ್ಕೆ 6.5% ಮಾತ್ರ. ಮುಕ್ತಾಯದವರೆಗಿನ ಇಳುವರಿ ಎನ್ನುವುದು ಇದನ್ನೇ. ಹೋಲಿಸುವಾಗ ಈ ಒಂದು ಅಂಕಿಯನ್ನೇ ಹೋಲಿಸಿ.

ದೋಟಿಯ ಲೆಕ್ಕ

ಬಡ್ಡಿ ಒಂದು ಪರ್ಸೆಂಟ್ ಏರಿದರೆ ಬೆಲೆ ಎಷ್ಟು ಇಳಿಯುತ್ತದೆ? ಮೇಲಿನ ಒಂದು ವರ್ಷದ ಕಾಗದಕ್ಕೆ ಹತ್ತಿರಹತ್ತಿರ ಒಂದು ರೂಪಾಯಿ. ಉದ್ದದ ಕಾಗದಕ್ಕೆ ಬಹಳ ಹೆಚ್ಚು. ನೂರಕ್ಕೆ ಕೊಂಡ, ಆರು ತಿಂಗಳಿಗೊಮ್ಮೆ ಬಡ್ಡಿ ಕೊಡುವ 7% ಬಾಂಡುಗಳನ್ನು ತೆಗೆದುಕೊಳ್ಳಿ. ಇಳುವರಿ 8%ಕ್ಕೆ ಏರಿದರೆ ಮೂರು ವರ್ಷದ್ದು 97.38ಕ್ಕೆ, ಹತ್ತು ವರ್ಷದ್ದು 93.20ಕ್ಕೆ, ಮೂವತ್ತು ವರ್ಷದ್ದು 88.69ಕ್ಕೆ ಇಳಿಯುತ್ತದೆ.

ದೋಟಿ, ಅಂದರೆ ಉದ್ದನೆಯ ಕೊಯ್ಲು ಕೋಲು, ಹಿಡಿದು ಅಡಿಕೆ ಗೊನೆ ಇಳಿಸಿದವರಿಗೆ ಇದು ಕೈಗೇ ಗೊತ್ತು. ಬುಡದಲ್ಲಿ ಕೈ ಒಂದು ಗೇಣು ಸರಿದರೆ, ಗಿಡ್ಡ ಕೋಲಿನ ತುದಿ ಒಂದಿಷ್ಟು ಅಲುಗುತ್ತದೆ, ಉದ್ದದ ದೋಟಿಯ ತುದಿ ಪಕ್ಕದ ಮರಕ್ಕೇ ಹೋಗುತ್ತದೆ. ಕೈಯ ಅಲುಗಾಟ ಬಡ್ಡಿ ದರ, ತುದಿಯ ತೂಗಾಟ ಬೆಲೆ.

ಆದರೆ ಮೂವತ್ತು ವರ್ಷದ ಬಾಂಡು ಹತ್ತು ವರ್ಷದ್ದಕ್ಕಿಂತ ಮೂರು ಪಟ್ಟು ಇಳಿಯಲಿಲ್ಲ, ಗಮನಿಸಿದಿರಾ? ಇದಕ್ಕೂ ದೋಟಿಯನ್ನೇ ನೋಡಬಹುದು. ತೂಕವಿಲ್ಲದ ಒಂದು ಕೋಲನ್ನು ಕಲ್ಪಿಸಿಕೊಳ್ಳಿ. ಅದರುದ್ದಕ್ಕೂ ಆರಾರು ತಿಂಗಳ ಅಂತರದಲ್ಲಿ ಒಂದೊಂದು ಸಣ್ಣ ಗಂಟು ಕಟ್ಟಿದೆ. ಅವು ಬಡ್ಡಿಯ ಕಂತುಗಳು. ತುದಿಯಲ್ಲಿ ಒಂದು ಭಾರದ ಗೊಂಚಲು, ಅದು ಅಸಲು. ಹೆಗಲ ಮೇಲಿಟ್ಟರೆ ಯಾವ ಜಾಗದಲ್ಲಿ ಕೋಲು ಸಮತೂಗುತ್ತದೆ? ಆ ಜಾಗ ಬುಡದಿಂದ ಎಷ್ಟು ದೂರವೋ ಅಷ್ಟು ವರ್ಷ ಆ ಬಾಂಡಿನ ಡ್ಯುರೇಶನ್. ಪ್ರತಿ ಗಂಟಿನ ತೂಕವನ್ನು ಇಂದಿನ ಬೆಲೆಯಲ್ಲಿ ಹಾಕಬೇಕು. ಮೂವತ್ತನೇ ವರ್ಷದಲ್ಲಿ ಬರುವ ನೂರು ರೂಪಾಯಿಯ ಇಂದಿನ ಬೆಲೆ, 7%ರ ಲೆಕ್ಕದಲ್ಲಿ, ಹದಿಮೂರು ರೂಪಾಯಿಯೂ ಇಲ್ಲ. ಅದಕ್ಕೇ ತುದಿ ಎಷ್ಟೇ ದೂರ ಹೋದರೂ ಸಮತೂಕದ ಜಾಗ ಅಷ್ಟು ದೂರ ಹೋಗುವುದಿಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಫ್ರೆಡರಿಕ್ ಮೆಕಾಲೆ 1938ರಲ್ಲಿ ಈ ಅಳತೆಯನ್ನು ಕೊಟ್ಟರು, ಇಂದಿಗೂ ಅವರ ಹೆಸರಿನಲ್ಲೇ ಕರೆಯುತ್ತಾರೆ.

ಹತ್ತು ವರ್ಷದ ನಮ್ಮ 7% ಬಾಂಡಿಗೆ ಮೆಕಾಲೆ ಡ್ಯುರೇಶನ್ ಸುಮಾರು 7.35 ವರ್ಷ. ಅದನ್ನು ಅರ್ಧ ವರ್ಷದ ಇಳುವರಿ ಸೇರಿಸಿದ 1.035ರಿಂದ ಭಾಗಿಸಿದರೆ 7.1 ಬರುತ್ತದೆ. ಇದು ಮಾಡಿಫೈಡ್ ಡ್ಯುರೇಶನ್: ಬಡ್ಡಿ ಒಂದು ಪರ್ಸೆಂಟ್ ಸರಿದರೆ ಬೆಲೆ ಹೆಚ್ಚುಕಡಿಮೆ 7.1% ಎದುರು ದಿಕ್ಕಿಗೆ ಸರಿಯುತ್ತದೆ. ಮೂರು ವರ್ಷದ್ದಕ್ಕೆ ಇದು 2.7, ಮೂವತ್ತು ವರ್ಷದ್ದಕ್ಕೆ 12.5, ನಲವತ್ತು ವರ್ಷದ್ದಕ್ಕೆ 13.4. ಮೂವತ್ತರಿಂದ ನಲವತ್ತಕ್ಕೆ ಹೋದರೆ ಒಂದು ವರ್ಷವೂ ಹೆಚ್ಚುವುದಿಲ್ಲ. ಕೂಪನ್ ದೊಡ್ಡದಿದ್ದರೆ ಬುಡದ ಕಡೆಯ ಗಂಟುಗಳು ಭಾರವಾಗಿ ಡ್ಯುರೇಶನ್ ಕುಗ್ಗುತ್ತದೆ. ನಡುವೆ ಬಡ್ಡಿಯೇ ಇಲ್ಲದೆ ಕೊನೆಯಲ್ಲಿ ಒಟ್ಟಿಗೆ ಕೊಡುವ ಬಾಂಡಿನಲ್ಲಿ ಭಾರವೆಲ್ಲ ತುದಿಯಲ್ಲೇ, ಅವಧಿಯೇ ಮೆಕಾಲೆ ಡ್ಯುರೇಶನ್.

ಇನ್ನೊಂದು ಸೂಕ್ಷ್ಮ: ಇಳುವರಿ 8%ಕ್ಕೆ ಏರಿದಾಗ ಹತ್ತು ವರ್ಷದ ಬಾಂಡ್ 6.80 ರೂಪಾಯಿ ಕಳೆದುಕೊಂಡಿತು. 6%ಕ್ಕೆ ಇಳಿದರೆ 7.44 ಗಳಿಸುತ್ತದೆ. ಏರಿಳಿತ ದೊಡ್ಡದಾದಷ್ಟೂ ಈ ವ್ಯತ್ಯಾಸ ಬಾಂಡ್ ಹಿಡಿದವರ ಕಡೆಗೇ ವಾಲುತ್ತದೆ.

ತೋಟಿಗರ ಅರ್ಧ ಸತ್ಯ

ನೂರು ರೂಪಾಯಿಗೆ 7% ಬಾಂಡ್ ಕೊಂಡ ಮರುದಿನವೇ ಇಳುವರಿ 8% ಆಯಿತು ಎನ್ನಿ. ಬೆಲೆ 93.20. ಅಂದೇ ಮಾರಿದರೆ ಆರು ರೂಪಾಯಿ 80 ಪೈಸೆ ಹೋಯಿತು. ಮಾರದೆ ಇಟ್ಟುಕೊಂಡು, ಆರು ತಿಂಗಳಿಗೊಮ್ಮೆ ಬರುವ ಬಡ್ಡಿಯನ್ನು ಹೊಸ 8%ರಲ್ಲೇ ಮತ್ತೆ ತೊಡಗಿಸುತ್ತ ಹೋದರೆ? ಬೆಲೆಯ ನಷ್ಟವನ್ನು ಹೊಸ ಬಡ್ಡಿ ನಿಧಾನವಾಗಿ ತುಂಬುತ್ತ ಬರುತ್ತದೆ. ಎರಡೂ ಸಮವಾಗುವುದು ಸರಿಯಾಗಿ 7.35ನೇ ವರ್ಷದ ಹೊತ್ತಿಗೆ. ಆಗ ಒಂದು ಲಕ್ಷ ರೂಪಾಯಿ ಸುಮಾರು 1,65,800 ಆಗಿರುತ್ತದೆ. ಇಳುವರಿ 7%ರಲ್ಲೇ ನಿಂತಿದ್ದರೂ ಅಷ್ಟೇ, 6%ಕ್ಕೆ ಇಳಿದಿದ್ದರೂ ಹೆಚ್ಚುಕಡಿಮೆ ಅಷ್ಟೇ. ಇದನ್ನು ಮೊದಲ ಸಲ ಲೆಕ್ಕ ಹಾಕಿದ ದಿನ ನಾನು ಮೂರು ಸಲ ಕೂಡಿ ಕಳೆದು ನೋಡಿದ್ದೆ.

ಅದರಾಚೆ ಹೋದರೆ ಕತೆ ತಿರುಗುತ್ತದೆ. ಹತ್ತನೇ ವರ್ಷದ ಕೊನೆಗೆ, ಇಳುವರಿ 8%ಕ್ಕೆ ಏರಿದ್ದವನ ಬಳಿ 2,04,200 ರೂಪಾಯಿ, 7%ರಲ್ಲೇ ನಿಂತವನ ಬಳಿ 1,98,980, 6%ಕ್ಕೆ ಇಳಿದವನ ಬಳಿ 1,94,050. ಅಂದರೆ ಹಣ ಬೇಕಾಗುವ ದಿನ ಡ್ಯುರೇಶನ್‌ಗಿಂತ ದೂರವಿದ್ದರೆ, ಇಳುವರಿ ಏರುವುದು ನಿಜಕ್ಕೂ ಒಳ್ಳೆಯ ಸುದ್ದಿ. ಹತ್ತಿರವಿದ್ದರೆ ಕೆಟ್ಟ ಸುದ್ದಿ. ಹಣ ಬೇಕಾದ ದಿನವೂ ಡ್ಯುರೇಶನ್ನೂ ಒಂದೇ ಕಡೆ ಕೂಡಿದರೆ ಆ ಸುದ್ದಿ ಓದದೆ ಪುಟ ತಿರುಗಿಸಬಹುದು.

ದೊಡ್ಡ ಸಂಸ್ಥೆಗಳೂ ಇಲ್ಲೇ ಎಡವಿವೆ. 2023ರ ಮಾರ್ಚ್‌ನಲ್ಲಿ ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಳುಗಿದ್ದು ಕೆಟ್ಟ ಸಾಲ ಕೊಟ್ಟು ಅಲ್ಲ. ಅದರ ಹಣದ ದೊಡ್ಡ ಪಾಲು ಸುರಕ್ಷಿತವಾದ, ಆದರೆ ಉದ್ದ ಅವಧಿಯ ಸಾಲಪತ್ರಗಳಲ್ಲಿತ್ತು. ಬಡ್ಡಿ ಏರಿ ಅವುಗಳ ಬೆಲೆ ಇಳಿದಿದ್ದಾಗಲೇ ಠೇವಣಿದಾರರು ಒಟ್ಟಿಗೆ ಹಣ ಕೇಳಿದರು. ನಾಳೆ ಕೊಡಬೇಕಾದ ಹಣವನ್ನು ಹತ್ತಾರು ವರ್ಷದ ಕಾಗದದಲ್ಲಿ ಇಟ್ಟದ್ದೇ ದೋಷ.

ಠೇವಣಿಗೆ ಬೆಲೆಯ ಫಲಕ ಇಲ್ಲ

‘ನನಗೆ ಈ ಏರಿಳಿತ ಬೇಡ, ಎಫ್‌ಡಿಯೇ ಸಾಕು’ ಎನ್ನುವವರು ಬಹಳ. ಅದರಲ್ಲಿ ತಪ್ಪಿಲ್ಲ, ಆದರೆ ಎಫ್‌ಡಿಯೂ ಒಂದು ಬಾಂಡೇ. ವ್ಯತ್ಯಾಸವೆಂದರೆ ಅದರ ಬೆಲೆಯನ್ನು ಯಾರೂ ಫಲಕದ ಮೇಲೆ ಬರೆಯುವುದಿಲ್ಲ.

2020ರಲ್ಲಿ ದೊಡ್ಡ ಬ್ಯಾಂಕುಗಳ ಐದು ವರ್ಷದ ಠೇವಣಿಗೆ 5.5%ರ ಆಸುಪಾಸು ಸಿಗುತ್ತಿತ್ತು. ಒಂದು ಲಕ್ಷ ಇಟ್ಟರೆ, ವರ್ಷಕ್ಕೊಮ್ಮೆ ಚಕ್ರಬಡ್ಡಿ ಎಂದು ಸರಳವಾಗಿ ಹಿಡಿದರೂ, ಐದು ವರ್ಷಕ್ಕೆ 1,30,696. ಎರಡು ವರ್ಷ ಕಳೆದಾಗ ಪುಸ್ತಕದಲ್ಲಿ 1,11,303 ಎಂದು ಕಾಣುತ್ತದೆ. ಆ ಹೊತ್ತಿಗೆ ಮೂರು ವರ್ಷದ ಹೊಸ ಠೇವಣಿಗೆ 7% ಸಿಗುವಂತಾದರೆ, ನಿಮ್ಮ ರಸೀದಿಯನ್ನು ಕೊಳ್ಳುವವನೊಬ್ಬ ಇದ್ದಿದ್ದರೆ ಅವನು 1,06,690ಕ್ಕಿಂತ ಹೆಚ್ಚು ಕೊಡುತ್ತಿರಲಿಲ್ಲ. ನಾಲ್ಕೂವರೆ ಸಾವಿರ ರೂಪಾಯಿ ಹೋಗಿದೆ, ಕಣ್ಣಿಗೆ ಬೀಳಲಿಲ್ಲ ಅಷ್ಟೇ.

ಎಫ್‌ಡಿಗೆ ಬಾಂಡಿಗಿಲ್ಲದ ಒಂದು ದೊಡ್ಡ ಶಕ್ತಿ ಇದೆ, ಮತ್ತು ಅದನ್ನು ಬಳಸುವವರು ಕಡಿಮೆ: ಮುದ್ದತಿಗೆ ಮೊದಲೇ ಮುರಿಯುವ ಹಕ್ಕು. ಮೇಲಿನ ಉದಾಹರಣೆಯಲ್ಲೇ, ಎರಡು ವರ್ಷಕ್ಕೆ ಮುರಿದಾಗ ಬ್ಯಾಂಕು ಎರಡು ವರ್ಷದ ದರ 5.2%ರಲ್ಲಿ ಒಂದು ಪರ್ಸೆಂಟ್ ದಂಡ ಕಳೆದು 4.2% ಕೊಟ್ಟಿತು ಎನ್ನಿ. ಕೈಗೆ 1,08,576 ಬರುತ್ತದೆ. ಅದನ್ನೇ 7%ಕ್ಕೆ ಮೂರು ವರ್ಷ ಇಟ್ಟರೆ 1,33,010. ಮುರಿಯದೆ ಇದ್ದಿದ್ದಕ್ಕಿಂತ 2,300 ರೂಪಾಯಿ ಹೆಚ್ಚು. ಬಡ್ಡಿ ಇಳಿದರೆ ಹಳೆಯ ಹೆಚ್ಚಿನ ದರ ನಿಮ್ಮದೇ, ಬಡ್ಡಿ ಏರಿದರೆ ದಂಡ ಕಟ್ಟಿ ಹೊರಬರಬಹುದು. ಬಡ್ಡಿ ಏರುವ ಕಾಲದಲ್ಲಿ ಪ್ರತಿಯೊಬ್ಬರೂ ಈ ಲೆಕ್ಕ ಹಾಕಬೇಕು. ರಸೀದಿ ಕಪಾಟಿನಲ್ಲಿಟ್ಟು ಮರೆತುಬಿಡುವುದು ನೋಡಿದರೆ ನನಗೆ ಸಂಕಟವಾಗುತ್ತದೆ.

ಇನ್ನು ಸುರಕ್ಷತೆ. ವಾಣಿಜ್ಯ ಬ್ಯಾಂಕು, ಅರ್ಬನ್ ಬ್ಯಾಂಕು, ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕುಗಳ ಠೇವಣಿಗೆ, ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ಡಿಐಸಿಜಿಸಿಯ (ಠೇವಣಿ ವಿಮಾ ನಿಗಮದ) ವಿಮೆ ಇದೆ. 2020ರ ಫೆಬ್ರುವರಿಗೆ ಮೊದಲು ಅದು ಒಂದು ಲಕ್ಷ ಮಾತ್ರವಿತ್ತು. ಪ್ರಾಥಮಿಕ ಸೇವಾ ಸಹಕಾರಿ ಸಂಘ, ಸೌಹಾರ್ದ ಪತ್ತಿನ ಸಹಕಾರಿಗಳ ಠೇವಣಿಗೆ ಈ ವಿಮೆ ಇಲ್ಲ. ನಮ್ಮ ಜಿಲ್ಲೆಯ ಬದುಕು ಸಹಕಾರಿ ಸಂಘಗಳ ಮೇಲೆ ನಿಂತಿದೆ. ಗೊಬ್ಬರ, ಬೆಳೆಸಾಲ, ಅಡಿಕೆ ವ್ಯಾಪಾರ ಎಲ್ಲ ಅಲ್ಲಿಯೇ. ಸಂಘದ ಸದಸ್ಯನಾಗಿ ನನಗೂ ಆ ಅಭಿಮಾನ ಇದೆ. ಆದರೆ ಅಲ್ಲಿ ಸಿಗುವ ಅರ್ಧ, ಒಂದು ಪರ್ಸೆಂಟ್ ಹೆಚ್ಚಿನ ಬಡ್ಡಿ ಆ ಅಪಾಯಕ್ಕೆ ಕೊಡುವ ಬೆಲೆ. ಡ್ಯುರೇಶನ್ ಈ ಅಪಾಯವನ್ನು ಅಳೆಯುವುದಿಲ್ಲ. ಮೊಬೈಲಿನಲ್ಲಿ 11%, 12% ಎಂದು ಬರುವ ಕಂಪನಿ ಬಾಂಡುಗಳಿಗೂ ಇದೇ ಮಾತು. ಮನೆಯ ಉಳಿತಾಯ ಪೂರ್ತಿ ಇಂಥ ಒಂದೇ ಕಡೆ ಇರುವುದು ಸರಿಯಲ್ಲ.

ರೆಪೊ ಇಳಿದರೂ ಬೆಲೆ ಏರಲಿಲ್ಲವೇಕೆ

ನಮ್ಮ ತೋಟಿಗರಿಗೆ ಇನ್ನೊಂದು ಗೊಂದಲವಿತ್ತು. 2025ರಲ್ಲಿ ಆರ್‌ಬಿಐ ರೆಪೊ ದರವನ್ನು ಫೆಬ್ರುವರಿಯಲ್ಲಿ 6.25%ಕ್ಕೆ, ಏಪ್ರಿಲ್‌ನಲ್ಲಿ 6%ಕ್ಕೆ, ಜೂನ್‌ನಲ್ಲಿ 5.5%ಕ್ಕೆ ಇಳಿಸಿತು. ಬಡ್ಡಿ ಇಳಿದರೆ ಬಾಂಡಿನ ಬೆಲೆ ಏರಬೇಕಲ್ಲ? ರೆಪೊ ಎನ್ನುವುದು ಬ್ಯಾಂಕುಗಳು ಆರ್‌ಬಿಐನಿಂದ ಕೆಲವೇ ದಿನಗಳ ಮಟ್ಟಿಗೆ ತರುವ ಸಾಲದ ದರ. ಅದು ಸರ್ಕಾರದ ಅಲ್ಪಾವಧಿ ಸಾಲಪತ್ರವಾದ 91 ದಿನದ ಟ್ರೆಜರಿ ಬಿಲ್ಲನ್ನು ಹತ್ತಿರದಿಂದ ಎಳೆಯುತ್ತದೆ, ಠೇವಣಿ ದರವನ್ನು ಕೆಲವು ತಿಂಗಳಲ್ಲಿ ಎಳೆಯುತ್ತದೆ. ಹತ್ತು, ಮೂವತ್ತು ವರ್ಷದ ಇಳುವರಿಯನ್ನು ಮುಂದಿನ ಹಲವು ವರ್ಷಗಳ ಹಣದುಬ್ಬರದ ಅಂದಾಜು, ಸರ್ಕಾರ ಎಷ್ಟು ಸಾಲ ಎತ್ತುತ್ತದೆ, ವಿಮಾ ಕಂಪನಿ ಮತ್ತು ಪಿಂಚಣಿ ನಿಧಿಗಳು ಎಷ್ಟು ಕೊಳ್ಳುತ್ತವೆ ಎಂಬುದು ತೀರ್ಮಾನಿಸುತ್ತದೆ. ಜೂನ್‌ನ ಇಳಿಕೆಯ ಜೊತೆಗೇ ಆರ್‌ಬಿಐ ತನ್ನ ನಿಲುವನ್ನು ‘ತಟಸ್ಥ’ ಎಂದು ಬದಲಿಸಿತು. ಇನ್ನು ಹೆಚ್ಚು ಇಳಿಕೆ ಇಲ್ಲ ಎಂದು ಮಾರುಕಟ್ಟೆ ಓದಿಕೊಂಡಿತು, ಉದ್ದ ಬಾಂಡಿನ ಇಳುವರಿ ಏರಿತು. ದೋಟಿಯ ಬುಡ ಒಂದು ಕಡೆ ಸರಿದರೂ ತುದಿ ಗಾಳಿಗೆ ಇನ್ನೊಂದು ಕಡೆ ಹೋಗಬಹುದು. ರೆಪೊ ಸುದ್ದಿ ಓದಿ ಉದ್ದ ಬಾಂಡ್ ಕೊಳ್ಳುವುದು, ಮಾರುವುದು ನನ್ನಂಥವರ ಕೆಲಸವಲ್ಲ ಎಂದು ನಾನು ತೀರ್ಮಾನಿಸಿದ್ದೇನೆ.

ಬಾಂಡು ಮುಗಿಯುತ್ತದೆ, ಗಿಲ್ಟ್ ಫಂಡ್ ಮುಗಿಯುವುದಿಲ್ಲ

ಆ ತೀರ್ಮಾನಕ್ಕೆ ಬಂದದ್ದು ಪೆಟ್ಟು ತಿಂದು. 2020ರಲ್ಲಿ ರೆಪೊ 4%ಕ್ಕೆ ಇಳಿದಿತ್ತು, ಸರ್ಕಾರಿ ಬಾಂಡುಗಳನ್ನೇ ಕೊಳ್ಳುವ ಗಿಲ್ಟ್ ಫಂಡುಗಳ ಹಿಂದಿನ ವರ್ಷದ ಗಳಿಕೆ ಎರಡಂಕಿಯ ಹತ್ತಿರ ಕಾಣುತ್ತಿತ್ತು. ಪರಿಚಯದ ಏಜೆಂಟರೊಬ್ಬರ ಮಾತಿನ ಮೇಲೆ, ಎರಡು ವರ್ಷದ ನಂತರ ಮನೆಯ ಮಾಡು ಹೊಸದಾಗಿ ಕಟ್ಟಿಸಲು ಎತ್ತಿಟ್ಟಿದ್ದ ಹಣವನ್ನು ಹತ್ತು ವರ್ಷದ ಸರ್ಕಾರಿ ಬಾಂಡುಗಳ ಫಂಡಿನಲ್ಲಿ ಹಾಕಿದೆ. ಸರ್ಕಾರಿ ಬಾಂಡ್ ತಾನೆ, ಅಸಲಿಗೆ ಮೋಸವಿಲ್ಲ ಎಂಬ ಧೈರ್ಯ. 2022ರ ಮೇ 4ರಂದು ಆರ್‌ಬಿಐ ನಿಗದಿತ ಸಭೆಗೂ ಕಾಯದೆ ರೆಪೊ ಏರಿಸಿತು. ಮುಂದಿನ ಫೆಬ್ರುವರಿಗೆ ಅದು 6.5% ಮುಟ್ಟಿತು. ಹತ್ತು ವರ್ಷದ ಇಳುವರಿ 2020ರ ಮಧ್ಯದಲ್ಲಿ 6%ಕ್ಕಿಂತ ಕೆಳಗಿದ್ದದ್ದು 2022ರ ಜೂನ್‌ನಲ್ಲಿ 7.5% ಮುಟ್ಟಿತ್ತು. ಮಳೆಗಾಲ ಹಿಡಿಯುವ ಮೊದಲು ಬಡಗಿಗೆ ಹಣ ಕೊಡಬೇಕಾದಾಗ ಫಂಡಿನಲ್ಲಿ ಹಾಕಿದ್ದಷ್ಟೇ ಉಳಿದಿತ್ತು. ಎರಡು ವರ್ಷದ ಬಡ್ಡಿಯನ್ನೆಲ್ಲ ಬೆಲೆಯ ಇಳಿಕೆ ತಿಂದಿತ್ತು.

ತಪ್ಪು ಫಂಡಿನದಲ್ಲ. ಎರಡು ವರ್ಷದ ಅಗತ್ಯಕ್ಕೆ ಏಳು ವರ್ಷದ ಡ್ಯುರೇಶನ್ ಇಟ್ಟದ್ದು ತಪ್ಪು. ಜೊತೆಗೆ ನನಗೆ ಆಗ ತಿಳಿಯದ ಇನ್ನೊಂದು ವಿಷಯ ಇತ್ತು. ನೀವೇ ಕೊಂಡ ಬಾಂಡಿನ ಡ್ಯುರೇಶನ್ ವರ್ಷ ಕಳೆದಂತೆ ಕರಗುತ್ತದೆ, ಮುಕ್ತಾಯದ ದಿನ ಅದು ನೂರು ರೂಪಾಯಿಗೆ ಬಂದು ನಿಲ್ಲುತ್ತದೆ. ಹತ್ತು ವರ್ಷದ ಅವಧಿಯನ್ನೇ ಕಾಯ್ದುಕೊಳ್ಳುವ ಫಂಡು ಹಳೆಯದನ್ನು ಮಾರಿ ಹೊಸದನ್ನು ಕೊಳ್ಳುತ್ತ ಯಾವಾಗಲೂ ಏಳರ ಆಸುಪಾಸಿನಲ್ಲೇ ಇರುತ್ತದೆ. ಅದಕ್ಕೆ ಮುಕ್ತಾಯ ಎಂಬುದೇ ಇಲ್ಲ. ಫಂಡು ಬೇಕೆನ್ನುವವರಿಗೆ ಟಾರ್ಗೆಟ್ ಮೆಚ್ಯುರಿಟಿ ಫಂಡುಗಳಿವೆ, ಒಂದು ನಿಗದಿತ ವರ್ಷಕ್ಕೆ ಮುಗಿಯುತ್ತವೆ, ಬಾಂಡಿನಂತೆಯೇ ನಡೆದುಕೊಳ್ಳುತ್ತವೆ. ಬಡ್ಡಿಯನ್ನು ತಾವೇ ಮರುತೊಡಗಿಸುವುದು ಫಂಡಿನ ನಿಜವಾದ ಅನುಕೂಲ. ಬಾಂಡಿನಲ್ಲಿ ಲಕ್ಷಕ್ಕೆ ಆರು ತಿಂಗಳಿಗೊಮ್ಮೆ ಮೂರೂವರೆ ಸಾವಿರ ಬಂದರೆ, ಹೊಸ ಬಾಂಡಿನ ಕನಿಷ್ಠ ಮೊತ್ತ 10,000 ಆಗುವವರೆಗೆ ಅದು ಉಳಿತಾಯ ಖಾತೆಯಲ್ಲೇ ಕೂರುತ್ತದೆ.

ಪ್ರತಿ ಡೆಟ್ ಫಂಡಿನ ತಿಂಗಳ ವಿವರಪತ್ರದಲ್ಲಿ ಮಾಡಿಫೈಡ್ ಡ್ಯುರೇಶನ್ ಬರೆದಿರುತ್ತದೆ. ಫಂಡುಗಳ ನಿಯಂತ್ರಕ ಸೆಬಿಯ ವಿಂಗಡಣೆಯಲ್ಲಿ, ಮೆಕಾಲೆ ಡ್ಯುರೇಶನ್ ಲೆಕ್ಕದಲ್ಲಿ, ಲೋ ಡ್ಯುರೇಶನ್ ಎಂದರೆ 6ರಿಂದ 12 ತಿಂಗಳು, ಶಾರ್ಟ್ ಎಂದರೆ 1ರಿಂದ 3 ವರ್ಷ, ಮೀಡಿಯಂ ಎಂದರೆ 3ರಿಂದ 4, ಲಾಂಗ್ ಎಂದರೆ 7ಕ್ಕಿಂತ ಹೆಚ್ಚು. ಹಿಂದಿನ ವರ್ಷದ ಗಳಿಕೆಗಿಂತ ಮೊದಲು ಈ ಅಂಕಿ ನೋಡಿ. ತೆರಿಗೆಯ ಮಾತು ಚಿಕ್ಕದು: 2023ರ ಏಪ್ರಿಲ್‌ನಿಂದೀಚೆಗೆ ಕೊಂಡ ಡೆಟ್ ಫಂಡಿನ ಲಾಭ ಬಡ್ಡಿಯಂತೆಯೇ ನಿಮ್ಮ ಆದಾಯಕ್ಕೆ ಸೇರುತ್ತದೆ, ಆದರೆ ಮಾರಿದ ವರ್ಷದಲ್ಲಿ ಮಾತ್ರ. ಅಡಿಕೆಯ ಆದಾಯಕ್ಕೆ ಆದಾಯ ತೆರಿಗೆ ಇಲ್ಲ ಎಂದುಕೊಂಡು ಅಡಿಕೆ ಹಣದ ಬಡ್ಡಿಗೂ ಇಲ್ಲ ಎಂದು ನಂಬಿದವರು ಪ್ರತಿ ಜುಲೈನಲ್ಲಿ ನನ್ನ ಬಳಿ ಬರುತ್ತಾರೆ. ಬಡ್ಡಿಗೆ ಇದೆ.

ಯಾರ ಹಣ, ಯಾವ ದಿನ

ತೋಟದವರಿಗೆ ಹಣ ಬರುವುದು ಅಡಿಕೆ ಮಾರಿದಾಗ, ಹೋಗುವುದು ಎರಡು ದೊಡ್ಡ ಸಲ: ಮಳೆಗಾಲದ ಮುನ್ನ ಕೊಳೆರೋಗದ ಮದ್ದು ಹೊಡೆಸಲು, ಆಮೇಲೆ ಗೊನೆ ಕೊಯ್ಯುವ ಕೊನೆಗೌಡರಿಗೆ, ಸುಲಿಯುವವರಿಗೆ. ಈ ಹಣಕ್ಕೆ ಟ್ರೆಜರಿ ಬಿಲ್ ಚೆನ್ನಾಗಿ ಹೊಂದುತ್ತದೆ: 91, 182, 364 ದಿನ. ರಿಯಾಯಿತಿ ಬೆಲೆಗೆ ಕೊಂಡು ಕೊನೆಗೆ ನೂರು ಪಡೆಯುವುದು, ಬುಧವಾರ ಹರಾಜು, ಕನಿಷ್ಠ 10,000. ಡ್ಯುರೇಶನ್ ಒಂದು ವರ್ಷಕ್ಕೂ ಕಡಿಮೆ, ಮುದ್ದತಿನವರೆಗೆ ಇಟ್ಟರೆ ಬೆಲೆಯ ಚಿಂತೆ ಇಲ್ಲ. ಅಷ್ಟು ತಾಪತ್ರಯ ಬೇಡವೆಂದರೆ ಬ್ಯಾಂಕಿನ ಆರು ತಿಂಗಳ ಠೇವಣಿ ಸಾಕು. ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ. ಬಲೆ, ಎಂಜಿನ್, ಡೀಸೆಲ್ ಎಂದು ಕಡಲಿಗಿಳಿಯುವ ಮೊದಲೇ ಖರ್ಚು. ಏಪ್ರಿಲ್ ಮಧ್ಯದಲ್ಲಿ ಕೊಂಡ 91 ದಿನದ ಬಿಲ್ ಸರಿಯಾಗಿ ಜುಲೈ ಮಧ್ಯದಲ್ಲಿ ಕೈಸೇರುತ್ತದೆ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಅದಕ್ಕೆ ಅಂಗಡಿ ಹಾಕುವವರ ಬಂಡವಾಳಕ್ಕೆ ಎರಡು ವರ್ಷದ ಠೇವಣಿಯೋ, ಜಾತ್ರೆಯ ಮುನ್ನ ಮುಗಿಯುವ ಬಾಂಡೋ. ಅದಕ್ಕಿಂತ ಉದ್ದದ್ದು ಬೇಡ.

ಕಾರವಾರದ ನಿವೃತ್ತರ ಸಮಸ್ಯೆ ಇದಕ್ಕೆ ತಿರುಗಾಮುರುಗ. ಅವರಿಗೆ ಬೆಲೆ ಇಳಿಯುವುದಲ್ಲ, ಬಡ್ಡಿ ಇಳಿಯುವುದು ಅಪಾಯ. 2020ರಲ್ಲಿ ಠೇವಣಿ ನವೀಕರಿಸಲು ಹೋಗಿ ತಿಂಗಳ ಬಡ್ಡಿ ಕಾಲುಭಾಗ ಕಡಿಮೆಯಾದದ್ದು ಕಂಡು ಕಂಗಾಲಾದ ದಂಪತಿಯನ್ನು ನಾನು ಬಲ್ಲೆ. ಸಣ್ಣ ಡ್ಯುರೇಶನ್ ಸುರಕ್ಷಿತ ಎಂಬ ಮಾತು ಅವರ ಪಾಲಿಗೆ ನಿಜವಾಗಲಿಲ್ಲ. ಮೊದಲ ಆಯ್ಕೆ ಅಂಚೆಯ ಹಿರಿಯ ನಾಗರಿಕರ ಉಳಿತಾಯ ಯೋಜನೆ: 2023ರ ಏಪ್ರಿಲ್‌ನಿಂದ 8.2%, ಐದು ವರ್ಷ, ಒಬ್ಬರಿಗೆ 30 ಲಕ್ಷದವರೆಗೆ. ಮುರಿದರೆ ಎರಡನೇ ವರ್ಷದಲ್ಲಿ 1.5%, ಆಮೇಲೆ 1% ಕಡಿತ. ಎರಡನೆಯದು ಆರ್‌ಬಿಐನ ಫ್ಲೋಟಿಂಗ್ ರೇಟ್ ಸೇವಿಂಗ್ಸ್ ಬಾಂಡ್. ಇದರ ದರ ಅಂಚೆಯ ರಾಷ್ಟ್ರೀಯ ಉಳಿತಾಯ ಪತ್ರವಾದ ಎನ್‌ಎಸ್‌ಸಿಗಿಂತ 0.35% ಹೆಚ್ಚು, ಜನವರಿ 1 ಮತ್ತು ಜುಲೈ 1ಕ್ಕೆ ಮರುನಿಗದಿ. 2020ರಲ್ಲಿ 7.15% ಇದ್ದದ್ದು 2023ರ ಜುಲೈನಿಂದ 8.05% ಆಯಿತು. ಬಡ್ಡಿ ಏರಿದರೆ ಜೊತೆಗೇ ಏರುತ್ತದೆ. ಮಾರುವಂತಿಲ್ಲ, ಏಳು ವರ್ಷ ಕಟ್ಟು, 60 ದಾಟಿದವರಿಗೆ ವಯಸ್ಸಿಗೆ ತಕ್ಕಂತೆ ಆರು, ಐದು, ನಾಲ್ಕು ವರ್ಷಕ್ಕೆ ಬಿಡುಗಡೆ. ಆಸ್ಪತ್ರೆಯ ಖರ್ಚಿಗೆಂದು ಎತ್ತಿಟ್ಟ ಹಣ ಇಲ್ಲಿಗೆ ಬರಬಾರದು.

ಇವೆರಡೂ ಆದ ಮೇಲೆ ಉಳಿದ ಹಣವಿದ್ದರೆ ಹದಿನೈದು, ಇಪ್ಪತ್ತು, ಮೂವತ್ತು ವರ್ಷದ ಸರ್ಕಾರಿ ಬಾಂಡುಗಳಲ್ಲಿ ಒಂದು ಪಾಲು ಇರಲಿ ಎನ್ನುತ್ತೇನೆ. ಬಡ್ಡಿ ಎಷ್ಟೇ ಇಳಿದರೂ ಆ ಕೂಪನ್ ನಿಲ್ಲುವುದಿಲ್ಲ. ಬೆಲೆ ಏರಿಳಿಯುತ್ತದೆ, ಮಾರುವ ಉದ್ದೇಶವಿಲ್ಲದವರು ಅದನ್ನು ದಿನವೂ ನೋಡಬೇಕಿಲ್ಲ. ಮಾರುವುದೂ ಸುಲಭವಲ್ಲ. ಸಣ್ಣ ಮೊತ್ತದ ಹಳೆಯ ಬಾಂಡಿಗೆ ಕೊಳ್ಳುವವರು ಕಡಿಮೆ, ಸಿಕ್ಕರೂ ಬೆಲೆ ಮುರಿದು ಕೇಳುತ್ತಾರೆ. ರಾಜ್ಯ ಸರ್ಕಾರದ ಬಾಂಡುಗಳೂ ಅದೇ ರಿಟೇಲ್ ಡೈರೆಕ್ಟ್ ಖಾತೆಯಲ್ಲಿ ಸಿಗುತ್ತವೆ, ಇಳುವರಿ ಕೇಂದ್ರದ್ದಕ್ಕಿಂತ ಸ್ವಲ್ಪ ಹೆಚ್ಚು. 2021ರ ನವೆಂಬರ್‌ನಲ್ಲಿ ಶುರುವಾದ ಈ ಖಾತೆ ತೆರೆಯಲು ಶುಲ್ಕವಿಲ್ಲ.

ಮೂರನೇ ತರಗತಿಯ ಮಗುವಿನ ಕಾಲೇಜು ಖರ್ಚಿಗೆ ಹತ್ತು ವರ್ಷದ ಬಾಂಡು, ಇಲ್ಲವೇ ಆ ವರ್ಷಕ್ಕೆ ಮುಗಿಯುವ ಟಾರ್ಗೆಟ್ ಮೆಚ್ಯುರಿಟಿ ಫಂಡು. ಇಲ್ಲಿ ಇಳುವರಿ ಏರಿದರೆ ಖುಷಿಪಡಬಹುದು.

ಆಗಸ್ಟಿನ ಆ ಸಂಜೆ ತೋಟಿಗರಿಗೂ ಇದನ್ನೇ ಕೇಳಿದೆ. ಅವರು ಕೊಂಡ ಮೂರು ಲಕ್ಷದ ಬಾಂಡಿನಲ್ಲಿ ಎರಡು ಲಕ್ಷ ಮೊಮ್ಮಗಳ ಓದಿಗೆ, 2035ರ ಹೊತ್ತಿಗೆ ಬೇಕಾದದ್ದು. ಉಳಿದ ಒಂದು ಲಕ್ಷ ಬರುವ ವರ್ಷ ಬಾವಿಯ ಪಂಪು, ತೋಟದ ಪೈಪ್‌ಲೈನ್ ಬದಲಿಸಲು. ಎರಡು ಲಕ್ಷವನ್ನು ಮುಟ್ಟಲಿಲ್ಲ. ಒಂದು ಲಕ್ಷವನ್ನು ಒಂದೂವರೆ ಸಾವಿರದಷ್ಟು ನಷ್ಟಕ್ಕೇ ಮಾರಿ, ಮುಂದಿನ ಬುಧವಾರದ ಹರಾಜಿನಲ್ಲಿ 364 ದಿನದ ಬಿಲ್ಲಿಗೆ ಬಿಡ್ ಹಾಕಿದೆವು.